ಪುತ್ತರಿಯ ಮರುದಿನ ಪಂಕ್ಚರ್

ನಾಪೋಕ್ಲಿನಾಚೆಯ ಗದ್ದೆಯಲ್ಲಿ
ಮೊದಲ ಕದಿರು ಕೊಯ್ದಾಗ
ಉತ್ತಯ್ಯ ಕೋವಿಯೆತ್ತಿ
ಹುಣ್ಣಿಮೆಯ ಕಡೆಗೆ ಒಂದು ಈಡು ಹಾರಿಸಿದ.
ಬೆಟ್ಟ ಅದನ್ನು ಎರಡು ಸಲ ಹೇಳಿತು.
ಪೊಲಿ ಪೊಲಿ ದೇವಾ ಎಂದು ಗದ್ದೆಗೆ ಗದ್ದೆಯೇ ಕೂಗುತ್ತಿರುವಾಗ
ಪಕ್ಕದಲ್ಲಿ ಬೊಳ್ಳಮ್ಮ, ಒಂಬತ್ತನೆಯ ಕ್ಲಾಸು, ಬಿ ಸೆಕ್ಷನ್ನು,
ಬಾಯಿಂದ ಹಬೆ ಬಿಡುತ್ತ ಕೇಳಿದಳು:
“ಗುಂಡು ಎಲ್ಲಿ ಬೀಳ್ತದೆ ಸಾರ್?”

ಎಲ್ಲೋ, ಕಾಫಿಗಿಡಗಳ ನಡುವೆ. ಭೂಮಿ ಬಿಡುವುದಿಲ್ಲ.

“ಚಂದ್ರನ ಮೇಲೆ ನಿಂತು ಹೊಡೆದ್ರೆ?”
ಆಗಲೂ ಬೀಳ್ತದೆ. ತುಂಬ ತಡವಾಗಿ, ತುಂಬ ದೂರ.
“ಅದಕ್ಕಿಂತ ಸಣ್ಣ ಚಂದ್ರ ಇದ್ರೆ?”
ಎಷ್ಟು ಸಣ್ಣ?
ಕೈಯಲ್ಲಿದ್ದ ಕದಿರಿನಿಂದ ಒಂದು ಭತ್ತ ಕಿತ್ತು
ಹುಣ್ಣಿಮೆಗೆ ಅಡ್ಡ ಹಿಡಿದಳು.
“ಇಷ್ಟು.”

ಅಷ್ಟೇ ಆದರೆ ಬೀಳುವುದಿಲ್ಲ. ಹೋದ ಗುಂಡು ಹೋಯಿತು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಮೇಷ್ಟ್ರ ಚಟ.
ಈಗ ನಿನ್ನ ಬಾಯಿಂದ ಬಂತಲ್ಲ ಹಬೆ,
ಅದರ ಒಂದೊಂದು ಕಣವೂ ಹೆಚ್ಚುಕಡಿಮೆ
ಉತ್ತಯ್ಯನ ಗುಂಡಿನಷ್ಟೇ ಜೋರು ಓಡುತ್ತದೆ, ಗೊತ್ತಾ?
ಒಂದಕ್ಕೊಂದು ಢಿಕ್ಕಿ ಹೊಡೆದು ಹಾದಿ ತಪ್ಪುತ್ತವೆ,
ಅದಕ್ಕೇ ಗಾಳಿ ನಮಗೆ ಮೆತ್ತಗೆ.
ಇಲ್ಲಿ ಭೂಮಿ ಕಿವಿ ಹಿಂಡಿ ಕೂರಿಸಿದೆ.
ನಿನ್ನ ಆ ಭತ್ತದ ಮೇಲೆ ಉಸಿರುಬಿಟ್ಟರೆ

ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.
ನಗಲಿಲ್ಲ.
ವಾಲಗ ಶುರುವಾಯಿತು. ಯಾರೋ ತಂಬುಟ್ಟು ತಂದು ಕೊಟ್ಟರು.
ಅವಳು ತಿನ್ನಲಿಲ್ಲ.

ಮರುದಿನ ಮೂರ್ನಾಡು ಹತ್ತಿರವಾಗುವಷ್ಟರಲ್ಲಿ
ಬೈಕಿನ ಹಿಂದಿನ ಚಕ್ರ ಕೂತಿತು.
ಮೊಯ್ದುವಿನ ಅಂಗಡಿಯವರೆಗೆ ತಳ್ಳಿದೆ.
ಟ್ಯೂಬನ್ನು ಬೋಗುಣಿಯ ನೀರಿನಲ್ಲಿ ಮುಳುಗಿಸಿ
ಹಿಸುಕುತ್ತ, ತಿರುಗಿಸುತ್ತ ಹೋದ;
ಮೊಳೆ ಹೊಕ್ಕಲ್ಲಿ ಗುಳುಗುಳು ಸಾಲು. ಮುಚ್ಚಿದ.
“ಇಲ್ಲೊಂದು ಹಳೇ ಪ್ಯಾಚು. ಇದೂ ಸೋರ್ತದೆ. ಕಾಣ್ತದಾ?”
ಕಾಣಲಿಲ್ಲ. ಕಾದೆವು.
ಸಾಸಿವೆಗಿಂತ ಸಣ್ಣ ಗುಳ್ಳೆಯೊಂದು
ಪ್ಯಾಚಿನ ಅಂಚಿಗೆ ಕಚ್ಚಿಕೊಂಡು ಬೆಳೆಯಿತು, ಬಿಟ್ಟಿತು.
ಇನ್ನೊಂದು ಬರುವುದಕ್ಕೆ ಒಂದು ಬೀಡಿಯಷ್ಟು ಹೊತ್ತು.
“ಇದನ್ನ ಮುಟ್ಟೋದಿಲ್ಲ ಮಾಷೇ.
ಇದು ಸೋರಿ ಮುಗಿಯೋ ಹೊತ್ತಿಗೆ ಟೈರೇ ಸವೆದಿರ್ತದೆ.
ತಿಂಗಳಿಗೊಮ್ಮೆ ಬನ್ನಿ, ಪಂಪು ಹೊಡೀತೇನೆ.
ಗಾಳಿಗೆ ದುಡ್ಡಿಲ್ಲ.”

ಬೋಗುಣಿಯ ಮುಂದೆ ಕುಕ್ಕರುಗಾಲಲ್ಲಿ ಕೂತವನಿಗೆ ಹೊಳೆಯಿತು,
ತಪ್ಪು ಚಂದ್ರನ ಲೆಕ್ಕ ಹೇಳಿ ಬಂದಿದ್ದೆ.
ಗದ್ದೆಯ ಮೇಲೆ ಇದ್ದದ್ದು ಭತ್ತದ ಕಾಳಲ್ಲ.
ಅದಕ್ಕೆ ಯಾರಾದರೂ ಹೇಗಾದರೂ ಗಾಳಿ ತುಂಬಿದರೆ
ಎಳೆತ ಸಾಲದೆ ಮೇಲಕ್ಕೆ ಮೇಲಕ್ಕೆ ಉಬ್ಬೀತು,
ಕಾಯುವವರಿಲ್ಲದ ಹಾಲಿನಂತೆ.
ಬಿಸಿಲು ತಾಗಿದ ಮೇಲಂಚಿನಿಂದ ಒಂದೊಂದೇ ಕಣ ಕಳಚೀತು,
ಸೂರ್ಯ ಕೆರೆದುಕೊಂಡೀತು ತನ್ನ ಪಾಲು.
ಹೌದು, ಸೋರೀತು.
ಆದರೆ ಸಾವಿರಾರು ವರ್ಷ ಬೇಕು, ನನ್ನ ಒರಟು ಲೆಕ್ಕದಲ್ಲೂ.
ಚಂದ್ರನ ವಯಸ್ಸಿಗೆ ಅದು ಒಂದು ಆಕಳಿಕೆ.
ಅಷ್ಟರಲ್ಲಿ ಇಲ್ಲಿ ಎಷ್ಟು ಪುತ್ತರಿ,
ಎಷ್ಟು ಜನ ಹೊಸ ಕದಿರು ಹೊತ್ತು ದೀಪದ ಕಡೆ ನಡೆದಾರು.

ಸೋಮವಾರ, ಮೊದಲ ಪೀರಿಯಡ್ಡು. ಪಾಠ ಬೇರೆ ಇತ್ತು.
ಬೋರ್ಡಿನ ಮೇಲೆ ಟ್ಯೂಬು ಬರೆದೆ, ಚಂದ್ರ ಬರೆದೆ,
ಎರಡೂ ಸೊನ್ನೆಯಂತೆಯೇ ಬಂದವು.
ಮೊಯ್ದುವಿನ ಮಾತನ್ನು ಅವನ ಹೆಸರು ಹೇಳಿಯೇ ಹೇಳಿದೆ.
ಬೊಳ್ಳಮ್ಮ ಉದ್ದಕ್ಕೆ ಉಸಿರುಬಿಟ್ಟಳು,
ಗುರುವಾರದಿಂದ ಹಿಡಿದಿಟ್ಟವಳ ಹಾಗೆ.
ಆಮೇಲೆ ಕೈಯೆತ್ತಿದಳು.

“ಅಲ್ಲಿ ಪಂಪು ಹೊಡೆಯೋದು ಯಾರು ಸಾರ್?
ಒಬ್ಬರ ಸರದಿ ಮರೆತು ಹೋದ್ರೆ?”

ಬಿ ಸೆಕ್ಷನ್ನು ಇಡೀ ಕಿಟಕಿಗೆ ತಿರುಗಿತು.
ಪಡುವಣ ಬೆಟ್ಟದ ಮೇಲೆ ಇನ್ನೂ ಇಳಿಯದ ಹಗಲುಚಂದ್ರ,
ಒಂದು ಪಕ್ಕ
ತುಸು ಗಾಳಿ ಕಮ್ಮಿ.